ಹಳೇ ಡಬ್ಬಿಯ ಎಪಾಕ್ಸಿಯಲ್ಲಿ ರೆಕ್ಕೆ ಕಟ್ಟಬಹುದೇ?

ಆಟಿ ತಿಂಗಳ ಒಂದು ಸಂಜೆ, ಮಳೆ ಸ್ವಲ್ಪ ಬಿಡುವು ಕೊಟ್ಟ ಹೊತ್ತಿನಲ್ಲಿ ಇಬ್ಬರು ಹುಡುಗರು ನಮ್ಮ ಚಾವಡಿಗೆ ಬಂದರು. ಒಬ್ಬನ ರೇನ್‌ಕೋಟಿನೊಳಗೆ ಒಂದು ತಗಡಿನ ಡಬ್ಬಿ, ಇನ್ನೊಬ್ಬನ ಕೈಯಲ್ಲಿ ಪ್ಲಾಸ್ಟಿಕ್ ಬಾಟಲಿ. ಹತ್ತಿರದ ಕಾಲೇಜಿನಲ್ಲಿ ವಿಮಾನ ಶಾಸ್ತ್ರ ಓದುವವರು. ಸ್ಪರ್ಧೆಯೊಂದಕ್ಕೆ ರಿಮೋಟ್‌ನಲ್ಲಿ ಹಾರುವ ವಿಮಾನ ಕಟ್ಟುತ್ತಿದ್ದರು.

"ಸರ್, ಡೇಟ್ ಮುಗಿದು ಮೂರು ವರ್ಷ ಆಯ್ತು. ಆದ್ರೆ ಒಂದೂವರೆ ಕೆಜಿ ಉಂಟು. ಬಿಸಾಡ್ಲಿಕ್ಕೆ ಮನಸ್ಸು ಬರುವುದಿಲ್ಲ. ರೆಕ್ಕೆಗೆ ಆಗ್ತದಾ?"

ಡಬ್ಬಿಯಲ್ಲಿದ್ದದ್ದು ಎಪಾಕ್ಸಿ ರೆಸಿನ್, ಬಾಟಲಿಯಲ್ಲಿದ್ದದ್ದು ಅದರ ಹಾರ್ಡನರ್. ನಮ್ಮ ದೇಶದ ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಅತಿ ಹೆಚ್ಚು ಕಾಣಸಿಗುವ ಜೋಡಿ: ಅರಲ್ಡೈಟ್ ಎಲ್‌ವೈ 556 ಮತ್ತು ಎಚ್‌ವೈ 951. ನೂರು ಗ್ರಾಂ ರೆಸಿನ್‌ಗೆ ಹತ್ತು ಗ್ರಾಂ ಹಾರ್ಡನರ್.

ನಮ್ಮೂರು ಮಿಜಾರಿನಲ್ಲಿ ಈ ಪ್ರಶ್ನೆ ಹುಟ್ಟುವುದರಲ್ಲಿ ಆಶ್ಚರ್ಯವಿಲ್ಲ. ಮೂಡುಬಿದಿರೆಗೆ ಹೋಗುವ ಹೆದ್ದಾರಿಯ ಬದಿಯಲ್ಲಿ, ಬಡಗಮಿಜಾರಿನ ಗುಡ್ಡದ ಮೇಲೆ 2007ರಲ್ಲಿ ಶುರುವಾದ ಮಂಗಳೂರು ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಆ್ಯಂಡ್ ಎಂಜಿನಿಯರಿಂಗ್‌ನಲ್ಲಿ ಏರೋನಾಟಿಕಲ್ ವಿಭಾಗವಿದೆ. ಮಿಜಾರಿನಲ್ಲೇ ಆಳ್ವಾಸ್ ಎಂಜಿನಿಯರಿಂಗ್ ಕಾಲೇಜೂ ಇದೆ. ಕಂಬಳದ ಕೋಣಗಳಿಗೆ ಹೆಸರಾದ ಊರಿನಲ್ಲಿ ಈಗ ಥರ್ಮಾಕೋಲ್ ಕೊರೆದು ರೆಕ್ಕೆ ಮಾಡುವ ಮಕ್ಕಳೂ ಇದ್ದಾರೆ. ನಾನು ಬೆಂಗಳೂರಿನಲ್ಲಿ ಇಪ್ಪತ್ತು ವರ್ಷ ಗ್ಲಾಸ್ ಬಟ್ಟೆ, ರೆಸಿನ್‌ಗಳ ನಡುವೆಯೇ ಕೆಲಸ ಮಾಡಿ ಊರಿಗೆ ಮರಳಿದವನು. ಹಾಗಾಗಿ ಇಂಥ ಡಬ್ಬಿಗಳು ನನ್ನ ಮನೆಯ ದಾರಿ ಹಿಡಿಯುತ್ತವೆ.

ಅವರಿಗೆ ಆ ಸಂಜೆ ಹೇಳಿದ್ದನ್ನೂ ಮರುದಿನ ಮಾಡಿ ತೋರಿಸಿದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ. ಡಬ್ಬಿಯ ಮೇಲಿನ ತಾರೀಕು ಮುಗಿದ ಮಾತ್ರಕ್ಕೆ ರೆಸಿನ್ ಸಾಯುವುದಿಲ್ಲ. ತಾರೀಕು ಮುಗಿದಿಲ್ಲ ಎಂದ ಮಾತ್ರಕ್ಕೆ ಬದುಕಿದೆ ಎಂದೂ ಅಲ್ಲ. ಅದನ್ನು ಕೇಳಿ ತಿಳಿಯುವ ಕ್ರಮವೊಂದಿದೆ.

ಮೊದಲು ಒಂದು ಗೊಂದಲ ಬಿಡಿಸಬೇಕು. ನಮ್ಮ ಕರಾವಳಿಯಲ್ಲಿ ರೆಸಿನ್ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಮಲ್ಪೆ, ಮಂಗಳೂರಿನ ಧಕ್ಕೆಗಳಲ್ಲಿ ಫೈಬರ್ ದೋಣಿಗೆ ಬಳಿಯುವ, ಮೂಗಿಗೆ ಅಡರುವ ಘಾಟಿನ ರೆಸಿನ್. ಅದು ಪಾಲಿಯೆಸ್ಟರ್, ಬೇರೆಯೇ ಜಾತಿ. ಅದಕ್ಕೆ ನೂರಕ್ಕೆ ಒಂದೋ ಎರಡೋ ಪಾಲು ಮಾತ್ರ ಹಾಕುವ ದ್ರವ, ಬೆಂಕಿ ಕಡ್ಡಿ ಗೀರಿದ ಹಾಗೆ ಕ್ರಿಯೆಯನ್ನು ಶುರು ಮಾಡಿಸುತ್ತದೆ, ಅಷ್ಟೇ. ಚಳಿ ಇದ್ದರೆ ಒಂದು ಹನಿ ಜಾಸ್ತಿ, ಸೆಖೆ ಇದ್ದರೆ ಒಂದು ಹನಿ ಕಮ್ಮಿ ಎಂದು ದೋಣಿ ಕಟ್ಟುವವರು ಕೈ ಅಳತೆಯಲ್ಲೇ ಹೊಂದಿಸುತ್ತಾರೆ. ಆ ರೆಸಿನ್ ಡಬ್ಬಿಯಲ್ಲಿ ಸುಮ್ಮನೆ ಇಟ್ಟರೂ ಕೆಲವೇ ತಿಂಗಳಲ್ಲಿ ತಾನಾಗಿ ಲೋಳೆಯಾಗಿ ಹೆಪ್ಪುಗಟ್ಟತೊಡಗುತ್ತದೆ. ಅದರಲ್ಲಿರುವ ಸ್ಟೈರೀನ್ ಥರ್ಮಾಕೋಲನ್ನು ಕಣ್ಣೆದುರೇ ಕರಗಿಸಿ ತಿಂದುಬಿಡುತ್ತದೆ. ಥರ್ಮಾಕೋಲ್ ತಿರುಳಿನ ಮೇಲೆ ಗ್ಲಾಸ್ ಬಟ್ಟೆ ಹೊದಿಸಿ ರೆಕ್ಕೆ ಮಾಡುವವರಿಗೆ ಎಪಾಕ್ಸಿಯೇ ಬೇಕಾಗುವುದು ಇದರಿಂದಾಗಿ.

ಎಪಾಕ್ಸಿಯ ಲೆಕ್ಕ ಮದುವೆ ಊಟದ ಎಲೆಯ ಹಾಗೆ, ಎಷ್ಟು ಜನವೋ ಅಷ್ಟೇ ಎಲೆ. ರೆಸಿನ್‌ನ ಅಣುವಿನ ಎರಡು ತುದಿಗಳಲ್ಲೂ ಎರಡು ಇಂಗಾಲ, ಒಂದು ಆಮ್ಲಜನಕ ಸೇರಿದ ಪುಟ್ಟ ತ್ರಿಕೋನವೊಂದಿರುತ್ತದೆ. ಬಿಗಿದು ಕಟ್ಟಿದ, ಬಿಚ್ಚಿಕೊಳ್ಳಲು ಕಾದಿರುವ ತ್ರಿಕೋನ. ಹಾರ್ಡನರ್ ಎಂಬುದು ಅಮೈನ್. ಅದರ ಸಾರಜನಕಕ್ಕೆ ಅಂಟಿಕೊಂಡ ಒಂದೊಂದು ಹೈಡ್ರೋಜನ್ ಒಂದೊಂದು ತ್ರಿಕೋನವನ್ನು ಬಿಚ್ಚಿ ಕೈ ಹಿಡಿಯುತ್ತದೆ. ಎಚ್‌ವೈ 951ರ ಒಂದು ಅಣುವಿಗೆ ಇಂಥ ಆರು ಕೈಗಳಿವೆ. ಎಲ್ಲ ಕೈಗಳೂ ಎಲ್ಲ ತ್ರಿಕೋನಗಳೂ ಒಂದನ್ನೊಂದು ಹಿಡಿದು ಮೂರೂ ದಿಕ್ಕಿಗೆ ಬಲೆ ನೇಯ್ದಾಗ ದ್ರವ ಗಟ್ಟಿಯಾಗುತ್ತದೆ. ಹಾರ್ಡನರ್ ಇಲ್ಲಿ ಕಡ್ಡಿ ಗೀರಿ ಪಕ್ಕಕ್ಕೆ ಸರಿಯುವುದಿಲ್ಲ, ತಾನೇ ಬಲೆಯ ನೂಲಾಗುತ್ತದೆ. ಆದ್ದರಿಂದ "ಬೇಗ ಗಟ್ಟಿಯಾಗಲಿ" ಎಂದು ಒಂದು ಚಮಚ ಜಾಸ್ತಿ ಹಾಕಿದರೆ ಬಲೆ ಬಲಗೊಳ್ಳುವುದಿಲ್ಲ; ಸಡಿಲ ನೂಲುಗಳು ಉಳಿದು ಮೆತ್ತಗಾಗುತ್ತದೆ. ಕಡಿಮೆ ಹಾಕಿದರೂ ಅದೇ ಕಥೆ. ಐವತ್ತು ಗ್ರಾಂ ರೆಸಿನ್‌ಗೆ ಬೇಕಾದದ್ದು ಐದೇ ಗ್ರಾಂ ಹಾರ್ಡನರ್. ಅಲ್ಲಿ ಅರ್ಧ ಗ್ರಾಂ ತಪ್ಪಿದರೂ ನೂರಕ್ಕೆ ಹತ್ತರ ತಪ್ಪು. ಅಡುಗೆಮನೆಯ ತಕ್ಕಡಿ ಸಾಲದು, 0.1 ಗ್ರಾಂ ತೋರಿಸುವ ತಕ್ಕಡಿ ಬೇಕು.

ಮನೆಯ ಶೆಡ್ಡಿನಲ್ಲಿ ವಿಮಾನ ಕಟ್ಟುವ ಹವ್ಯಾಸ ಎಪಾಕ್ಸಿಯ ಕಡೆ ಹೊರಳಿದ್ದು ಅಮೆರಿಕದ ಬರ್ಟ್ ರುಟಾನ್‌ನಿಂದ. 1975ರ ವೇರಿಈಝೀ, 1979ರ ಲಾಂಗ್‌ಈಝೀ ಎಂಬ ಅವನ ವಿಮಾನಗಳಿಗೆ ದುಬಾರಿ ಅಚ್ಚುಗಳೇ ಬೇಕಿರಲಿಲ್ಲ. ಫೋಮ್ ತುಂಡನ್ನು ಕಾದ ತಂತಿಯಲ್ಲಿ ರೆಕ್ಕೆಯ ಆಕಾರಕ್ಕೆ ಕೊಯ್ಯುವುದು, ಅದರ ಮೇಲೆ ಗ್ಲಾಸ್ ಬಟ್ಟೆ ಹಾಸಿ ಎಪಾಕ್ಸಿ ಕುಡಿಸುವುದು. ನಕ್ಷೆ ಕೊಂಡ ಯಾರಾದರೂ ಮನೆಯಲ್ಲೇ ಮಾಡಬಹುದಾಗಿತ್ತು. ಈ ಕಥೆಯ ಒಂದು ಎಳೆ ನಮ್ಮ ರಾಜ್ಯದೊಳಗೂ ಹಾದುಹೋಗಿದೆ ಎಂಬುದು ನನಗೆ ಇಂದಿಗೂ ಸಂತೋಷದ ಸಂಗತಿ. ಬೆಂಗಳೂರಿನ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್, ಎಂದರೆ ನಾವೆಲ್ಲ ಎನ್‌ಎಎಲ್ ಎನ್ನುವ ಸಂಸ್ಥೆ, ಇದೇ ಲಾಂಗ್‌ಈಝೀ ವಿನ್ಯಾಸವನ್ನು ಆಧರಿಸಿ ಹಗುರ ಸಂಶೋಧನಾ ವಿಮಾನವೊಂದನ್ನು ಕಟ್ಟಿ 1987ರಲ್ಲಿ ಹಾರಿಸಿತು. ಆರು ವರ್ಷಗಳ ಬಳಿಕ, 1993ರಲ್ಲಿ, ಗ್ಲಾಸ್ ಫೈಬರ್ ಮೈಯ ಎರಡು ಆಸನಗಳ 'ಹಂಸ' ಹಾರಿತು. ಅದರ ಹೊಸ ತಲೆಮಾರಿನ ಹಂಸ-ಎನ್‌ಜಿ 2021ರ ಸೆಪ್ಟೆಂಬರ್ 3ರಂದು ಬೆಂಗಳೂರಿನಲ್ಲೇ ನೆಲ ಬಿಟ್ಟಿತು. ಶೆಡ್ಡಿನ ವಿದ್ಯೆಯೊಂದು ಪ್ರಯೋಗಾಲಯದ ಶಿಸ್ತಿಗೆ ಒಳಪಟ್ಟು ಬೆಳೆದ ಬಗೆ ಇದು. ಆ ಶಿಸ್ತಿನ ಮೊದಲ ಅಕ್ಷರವೇ ಡಬ್ಬಿಯ ಮೇಲಿನ ಬ್ಯಾಚ್ ನಂಬರು ಮತ್ತು ತಾರೀಕು.

ಈಗ ಹುಡುಗರ ಡಬ್ಬಿಗೆ ಬರೋಣ. ಮುಚ್ಚಳ ತೆರೆದಾಗ ಮೇಲಿನ ರೆಸಿನ್ ಸ್ವಚ್ಛವಾಗಿಯೇ ಕಂಡಿತು. ಕಡ್ಡಿ ಇಳಿಸಿದೆ. ತಳದಲ್ಲಿ ಕರಕರ ಎಂದಿತು. ಎತ್ತಿದಾಗ ಕಡ್ಡಿಯ ತುದಿಗೆ ಬಿಳಿ ಹರಳಿನ ಮುದ್ದೆ.

"ಹಾಳಾಯ್ತಲ್ಲ ಸರ್" ಎಂದ ಒಬ್ಬ.

ಹಾಳಾಗಿರಲಿಲ್ಲ. ಜೇನು ಸಕ್ಕರೆಗಟ್ಟಿದ ಹಾಗೆ, ಅಷ್ಟೇ. ಶುದ್ಧ ಎಪಾಕ್ಸಿ ರೆಸಿನ್ ಕರಗುವ ತಾಪ ಸುಮಾರು 42 ಡಿಗ್ರಿ ಸೆಲ್ಸಿಯಸ್. ನಮ್ಮ ಡಬ್ಬಿಯಲ್ಲಿ ಅದು ದ್ರವವಾಗಿ ನಿಂತಿರುವುದೇ ಒಂದು ಬಗೆಯ ತಡೆದ ಸ್ಥಿತಿ. ಹರಳಾಗಲು ಒಂದು ನೆಪ ಸಿಕ್ಕರೆ ಸಾಕು. ಹಗಲು ಎಸಿ, ರಾತ್ರಿ ಬಂದ್ ಆಗುವ ಕೋಣೆಯ ಏರಿಳಿತ, ಒಂದು ಧೂಳಿನ ಕಣ, ಮುಚ್ಚಳದ ಅಂಚಿನಲ್ಲಿ ಒಣಗಿದ ಒಂದು ಚೂರು, ಯಾವುದಾದರೂ ಆದೀತು. ಹಾಲಿನ ಹಾಗೆ ಕೆಡಬಾರದೆಂದು ಕೆಲವರು ರೆಸಿನ್ ಡಬ್ಬಿಯನ್ನು ಫ್ರಿಜ್ಜಿನಲ್ಲಿ ಇಡುತ್ತಾರೆ. ಹರಳಾಗುವುದಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ.

ಇದನ್ನು ಸರಿಪಡಿಸುವುದು ಸುಲಭ. ಡಬ್ಬಿಯ ಕುತ್ತಿಗೆಗೆ ಪ್ಲಾಸ್ಟಿಕ್ ಚೀಲ ಬಿಗಿದು, ನೀರು ಒಳಗಿಳಿಯದ ಹಾಗೆ ನೋಡಿಕೊಂಡು, ಬಿಸಿನೀರಿನ ಪಾತ್ರೆಯಲ್ಲಿ ಇಡಬೇಕು. ನೀರು 50ರಿಂದ 60 ಡಿಗ್ರಿ ಇದ್ದರೆ ಸಾಕು, ಕುದಿಯಬಾರದು. ಒಲೆಯ ಉರಿಗೆ ನೇರವಾಗಿ ಹಿಡಿಯಲೇಬಾರದು. ನಡುನಡುವೆ ತಳ ಕೆದಕಿ ಕಲಕುತ್ತ, ಕೊನೆಯ ಹರಳೂ ಕರಗಿ ಕಡ್ಡಿಯ ಮೇಲಿನಿಂದ ಇಳಿಯುವ ಎಳೆ ಗಾಜಿನಂತೆ ತಿಳಿಯಾಗುವ ತನಕ ಕಾಯಬೇಕು. ಒಂದು ಹರಳು ಉಳಿದರೂ ಅದು ಹೆಪ್ಪು ಹಾಕಿದ ಮೊಸರಿನ ಹಾಗೆ ಮತ್ತೆ ಎಲ್ಲವನ್ನೂ ಹರಳಾಗಿಸುತ್ತದೆ. ಹರಳು ಬೆರೆತ ರೆಸಿನನ್ನು ಹಾಗೇ ತೂಗಿದರೆ ಇನ್ನೊಂದು ಅಪಾಯವಿದೆ: ಹರಳಾದದ್ದು ತಳದಲ್ಲಿ, ದ್ರವವಾಗಿ ಉಳಿದದ್ದು ಮೇಲೆ. ನೀವು ಬಗ್ಗಿಸಿಕೊಂಡದ್ದು ಡಬ್ಬಿಯ ಪೂರ್ತಿ ಮಿಶ್ರಣವಲ್ಲ.

ನಮ್ಮ ಡಬ್ಬಿ ಒಂದೂವರೆ ಗಂಟೆಯಲ್ಲಿ ತಿಳಿಯಾಯಿತು. ವಯಸ್ಸಿಗೆ ತಕ್ಕ ಹಾಗೆ ತುಸು ದಪ್ಪಗಾಗಿತ್ತು. ರೆಸಿನ್‌ಗೆ ವಯಸ್ಸಾಗುವುದು ನಿಧಾನವಾಗಿ. ಮುಚ್ಚಳ ಭದ್ರವಾಗಿದ್ದರೆ ತಾರೀಕು ಕಳೆದು ವರ್ಷಗಳಾದ ಮೇಲೂ ಕೆಲಸಕ್ಕೆ ಬರುವ ರೆಸಿನ್ ನಾನು ಬೇಕಾದಷ್ಟು ನೋಡಿದ್ದೇನೆ. ದಪ್ಪಗಾದದ್ದು ಬಟ್ಟೆಯ ಎಳೆಗಳೊಳಗೆ ಇಳಿಯಲು ಹಿಂಜರಿಯುತ್ತದೆ, ಗಾಳಿಗುಳ್ಳೆ ಬಿಡುವುದಿಲ್ಲ. ಸ್ವಲ್ಪ ಬೆಚ್ಚಗೆ ಮಾಡಿ ಬಳಸಿದರೆ ಆ ತೊಂದರೆ ಬಹುಪಾಲು ನೀಗುತ್ತದೆ. ತೆಳ್ಳಗಾಗಲಿ ಎಂದು ಥಿನ್ನರ್ ಬೆರೆಸುವವರಿದ್ದಾರೆ. ಅದು ಆರದೆ ಒಳಗೇ ಉಳಿದು ಬಲೆಯಲ್ಲಿ ತೂತು ಮಾಡುತ್ತದೆ. ವಿಮಾನದ ಕೆಲಸದಲ್ಲಿ ಅದನ್ನು ಮಾಡಲೇಬೇಡಿ.

ಹುಡುಗರು ಚಿಂತಿಸುತ್ತಿದ್ದದ್ದು ಡಬ್ಬಿಯ ಬಗ್ಗೆ. ನನ್ನ ಕಣ್ಣು ಮಾತ್ರ ಬಾಟಲಿಯ ಮೇಲಿತ್ತು. ಮುಚ್ಚಳದ ಸುತ್ತ ಉಪ್ಪಿನ ಕೆನೆಯಂಥ ಬಿಳಿ ಪುಡಿ ಕಟ್ಟಿತ್ತು. ದ್ರವದ ಬಣ್ಣ ತಿಳಿ ಹಳದಿಯಿಂದ ಬೆಲ್ಲದ ನೀರಿನ ಬಣ್ಣಕ್ಕೆ ತಿರುಗಿತ್ತು. ಬಣ್ಣ ಕಂದಿದ್ದಕ್ಕೆ ನಾನು ಅಷ್ಟಾಗಿ ಹೆದರುವುದಿಲ್ಲ. ಹಾರ್ಡನರ್‌ಗಳು ವಯಸ್ಸಾದಂತೆ ಕಂದುತ್ತವೆ, ಬಲದ ಮಟ್ಟಿಗೆ ಬಣ್ಣವೊಂದೇ ಏನನ್ನೂ ಹೇಳುವುದಿಲ್ಲ. ಆ ಬಿಳಿ ಪುಡಿ ಮಾತ್ರ ಹೇಳುತ್ತದೆ. ಅಮೈನ್‌ಗೆ ಗಾಳಿಯ ತೇವವೆಂದರೆ ಪ್ರೀತಿ, ಇಂಗಾಲದ ಡೈಆಕ್ಸೈಡ್ ಎಂದರೆ ಇನ್ನೂ ಪ್ರೀತಿ. ಎರಡೂ ಸಿಕ್ಕರೆ ಅದು ಕಾರ್ಬಮೇಟ್ ಎಂಬ ಬಿಳಿ ಲವಣವಾಗಿ ಕೂತುಬಿಡುತ್ತದೆ. ಹಾಗೆ ಕೂತ ಅಮೈನ್‌ನ ಕೈ ಖಾಲಿ ಇಲ್ಲ, ರೆಸಿನ್‌ನ ತ್ರಿಕೋನವನ್ನು ಹಿಡಿಯಲು ಅದಕ್ಕಾಗದು.

ಹಳೆಯ ಎಪಾಕ್ಸಿಯ ಮೋಸವೆಲ್ಲ ಇರುವುದು ಇಲ್ಲಿ. ನೀವು ತಕ್ಕಡಿಯಲ್ಲಿ ಐದು ಗ್ರಾಂ ಹಾರ್ಡನರ್ ತೂಗುತ್ತೀರಿ. ತಕ್ಕಡಿ ಐದು ಎಂದೇ ತೋರಿಸುತ್ತದೆ. ಆದರೆ ಅದರಲ್ಲಿ ಒಂದಷ್ಟು ಹೀರಿಕೊಂಡ ನೀರು, ಒಂದಷ್ಟು ಲವಣ. ಕೆಲಸ ಮಾಡುವ ಅಮೈನ್ ಎಷ್ಟು ಉಳಿದಿದೆ ಎಂದು ತಕ್ಕಡಿ ಹೇಳಲಾರದು. ಅಳತೆ ಸರಿಯಾಗಿಯೂ ಪ್ರಮಾಣ ತಪ್ಪುತ್ತದೆ. ಇನ್ನೂ ಕೆಟ್ಟದ್ದೆಂದರೆ ಈ ಮಿಶ್ರಣವೂ ಗಟ್ಟಿಯಾಗುತ್ತದೆ! ಗಟ್ಟಿಯಾಗದೇ ಇದ್ದಿದ್ದರೆ ಯಾರೂ ಮೋಸ ಹೋಗುತ್ತಿರಲಿಲ್ಲ. ಉಗುರಿಗೆ ಗಟ್ಟಿ, ಕಣ್ಣಿಗೆ ಹೊಳಪು, ಒಳಗೆ ಮಾತ್ರ ಬಲೆ ಅರೆಬರೆ.

ನಮ್ಮ ಹವೆ ಇದಕ್ಕೆ ಹೇಳಿ ಮಾಡಿಸಿದ್ದು. ವರ್ಷಕ್ಕೆ ಸರಿಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ. ಆಟಿಯಲ್ಲಿ ಉಪ್ಪಿನ ಭರಣಿಯೇ ನೀರು ಬಿಡುತ್ತದೆ, ಒಣಗಿಸಿಟ್ಟ ಹಪ್ಪಳ ಮೆತ್ತಗಾಗುತ್ತದೆ, ಚಪ್ಪಲಿಗೆ ಬೂಷ್ಟು ಬರುತ್ತದೆ. ಅಂಥ ದಿನ ಹಾರ್ಡನರ್ ಬಾಟಲಿ ಹತ್ತು ನಿಮಿಷ ಬಾಯಿ ತೆರೆದು ಕೂತರೆ ಏನಾಗಬಹುದೆಂದು ಯೋಚಿಸಿ. ತೇವದ ಕಾಟ ಬಾಟಲಿಯಲ್ಲಿ ಮುಗಿಯುವುದೂ ಇಲ್ಲ. ಮಳೆಗಾಲದಲ್ಲಿ ಹೊಸ ಎಪಾಕ್ಸಿ ಬಳಿದರೂ ಗಟ್ಟಿಯಾಗುತ್ತಿರುವ ಮೇಲ್ಮೈಗೆ ಮೇಣದಂಥ ಜಿಡ್ಡು ಕೂರುತ್ತದೆ. ಅದೂ ಅದೇ ಅಮೈನ್, ಅದೇ ಗಾಳಿ. ಅದರ ಮೇಲೆ ಮುಂದಿನ ಪದರ ಹಾಕಿದರೆ ಹಿಡಿಯುವುದಿಲ್ಲ. ಅನೇಕರು ಅಸಿಟೋನ್‌ನಲ್ಲಿ ಒರೆಸುತ್ತಾರೆ. ಜಿಡ್ಡು ಕರಗುವುದು ನೀರಿನಲ್ಲಿ. ಬೆಚ್ಚಗಿನ ನೀರಲ್ಲಿ ಉಜ್ಜಿ ತೊಳೆದು, ಪೂರ್ತಿ ಒಣಗಿಸಿ, ಮರಳು ಕಾಗದ ಹಾಕಿ ಮುಂದುವರಿಯಬೇಕು. ಗ್ಲಾಸ್ ಬಟ್ಟೆಯ ಸುರುಳಿ, ಸಂದು ತುಂಬಲು ರೆಸಿನ್‌ಗೆ ಬೆರೆಸುವ ಮೈಕ್ರೋಬಲೂನ್ ಪುಡಿ, ಹತ್ತಿಯ ನಾರು ಇವೆಲ್ಲ ತೇವ ಕುಡಿಯುವಂಥವೇ. ಮಳೆಗಾಲದಲ್ಲಿ ಇವನ್ನು ಬಲ್ಬು ಹಾಕಿದ ಪೆಟ್ಟಿಗೆಯಲ್ಲಿ ಒಂದು ರಾತ್ರಿ ಒಣಗಿಸಿಯೇ ನಾನು ಮುಟ್ಟುವುದು.

ಇನ್ನೊಂದು ಸಣ್ಣ ವಿಷಯ. ತಣ್ಣಗಿನ ಕೋಣೆಯಿಂದ ತಂದ ಬಾಟಲಿಯನ್ನು ಕೂಡಲೇ ತೆರೆಯಬಾರದು. ಹೊರಗಿನ ಬಿಸಿ ತೇವದ ಗಾಳಿ ಒಳಗೆ ನುಗ್ಗಿ ತಣ್ಣನೆ ದ್ರವದ ಮೇಲೆ ಬೆವರಾಗಿ ಇಳಿಯುತ್ತದೆ. ವಿಮಾನ ಕಾರ್ಖಾನೆಗಳಲ್ಲಿ ರೆಸಿನ್ ಮೊದಲೇ ಕುಡಿಸಿದ ಪ್ರಿಪ್ರೆಗ್ ಬಟ್ಟೆಯನ್ನು ಮೈನಸ್ 18 ಡಿಗ್ರಿಯಲ್ಲಿ ಇಡುತ್ತಾರೆ. ಹೊರತೆಗೆದ ಮೇಲೆ ಚೀಲ ಬಿಚ್ಚದೆ ಗಂಟೆಗಟ್ಟಲೆ ಕಾದು, ಕೋಣೆಯ ತಾಪಕ್ಕೆ ಬಂದ ಮೇಲೆಯೇ ಕತ್ತರಿ ಹಾಕುವುದು. ಫ್ರೀಜರ್‌ನಿಂದ ಹೊರಗೆ ಕಳೆದ ಒಂದೊಂದು ಗಂಟೆಯನ್ನೂ ಪುಸ್ತಕದಲ್ಲಿ ಬರೆದಿಡುತ್ತಾರೆ. ನಮ್ಮ ಐದು ಗ್ರಾಂ ಹಾರ್ಡನರ್‌ಗೂ ಅದೇ ನ್ಯಾಯ.

ಮರುದಿನ ಬೆಳಿಗ್ಗೆ ಪರೀಕ್ಷೆಗೆ ಕೂತೆವು. ಇದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಯಾರು ಬೇಕಾದರೂ ಮನೆಯಲ್ಲಿ ಮಾಡಬಹುದಾದದ್ದು. ಹಳೆಯದೊಂದನ್ನೇ ಪರೀಕ್ಷಿಸಿದರೆ ಅರ್ಥವಿಲ್ಲ, ಪಕ್ಕದಲ್ಲಿ ಹೊಸದು ಬೇಕು. ಹುಡುಗರು ಹೇಗೋ ಹೊಸ ಬ್ಯಾಚಿನ ಸ್ವಲ್ಪ ರೆಸಿನ್, ಹಾರ್ಡನರ್ ತಂದರು. ನಾಲ್ಕು ಕಪ್ಪು ಇಟ್ಟೆವು: ಹಳೆ ರೆಸಿನ್‌ಗೆ ಹಳೆ ಹಾರ್ಡನರ್, ಹಳೆ ರೆಸಿನ್‌ಗೆ ಹೊಸ ಹಾರ್ಡನರ್, ಹೊಸ ರೆಸಿನ್‌ಗೆ ಹಳೆ ಹಾರ್ಡನರ್, ಎರಡೂ ಹೊಸದು. ಹೀಗೆ ಅಡ್ಡಡ್ಡ ಬೆರೆಸಿದರೆ ಮಾತ್ರ ತಪ್ಪು ಯಾವುದರಲ್ಲಿದೆ ಎಂಬುದು ಹೊರಬೀಳುತ್ತದೆ. ಪ್ರತಿ ಕಪ್ಪಿಗೂ 50 ಗ್ರಾಂ ರೆಸಿನ್, 5 ಗ್ರಾಂ ಹಾರ್ಡನರ್. ಬದಿ, ತಳ ಕೆದಕುತ್ತ ಮೂರು ನಿಮಿಷ ಕಲಕುವುದು. ಹಾರ್ಡನರ್ ಬೆರೆತ ಹೊಸದರಲ್ಲಿ ಕಾಣುವ ನೀರಿನ ಅಲೆಯಂಥ ಗೆರೆಗಳು ಪೂರ್ತಿ ಮಾಯವಾಗಬೇಕು. ಅರ್ಧವನ್ನು ಒಂದೇ ಬಗೆಯ ಗ್ಲಾಸ್ ಬಟ್ಟೆಯ ನಾಲ್ಕು ಪದರದ ಪಟ್ಟಿಗೆ ಕುಡಿಸಿ, ಉಳಿದರ್ಧವನ್ನು ಕಪ್ಪಿನಲ್ಲೇ ಬಿಟ್ಟೆವು.

ಕಪ್ಪಿಗೆ ಐದೈದು ನಿಮಿಷಕ್ಕೊಮ್ಮೆ ತೆಂಗಿನ ಗರಿಯ ಕಡ್ಡಿ ತಾಗಿಸಿ ಎತ್ತುವುದು. ಎಳೆ ಬರುವುದು ನಿಂತು ಲೋಳೆಯಾಗಿ ಕಡಿದುಹೋದ ಹೊತ್ತನ್ನು ಬರೆದುಕೊಳ್ಳುವುದು. ಈ ಹೊತ್ತು ತಾಪಕ್ಕೆ ತಕ್ಕಂತೆ ಬದಲಾಗುತ್ತದೆ. ಹತ್ತು ಡಿಗ್ರಿ ಏರಿದರೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಆದ್ದರಿಂದ ಕಂಪನಿಯ ಹಾಳೆಯಲ್ಲಿ ಬರೆದ ನಿಮಿಷಕ್ಕಿಂತ ಪಕ್ಕದ ಹೊಸ ಕಪ್ಪು ಏನು ಹೇಳುತ್ತದೆ ಎಂಬುದೇ ಮುಖ್ಯ. ಕಪ್ಪಿನಲ್ಲಿ ಒಟ್ಟಾಗಿ ಉಳಿದ ಎಪಾಕ್ಸಿ ತನ್ನದೇ ಬಿಸಿಯಲ್ಲಿ ಕಾಯುತ್ತದೆ, ಬೇಸಿಗೆಯಲ್ಲಿ ದೊಡ್ಡ ಕಪ್ಪು ಹೊಗೆಯಾಡುವುದೂ ಉಂಟು. ಕೈಗೆ ತಾಗುವ ಆ ಬಿಸಿಯೂ ಒಂದು ಸಾಕ್ಷಿ. ಹಳೆ ಹಾರ್ಡನರ್ ಹಾಕಿದ ಎರಡು ಕಪ್ಪುಗಳೂ ಹೊಸದರಷ್ಟು ಕಾಯಲೇ ಇಲ್ಲ, ಲೋಳೆಯಾಗಲೂ ತಡ ಮಾಡಿದವು. ಹಳೆ ರೆಸಿನ್‌ಗೆ ಹೊಸ ಹಾರ್ಡನರ್ ಹಾಕಿದ ಕಪ್ಪು ಮಾತ್ರ ಹೊಸದರ ಜೊತೆ ಹೆಜ್ಜೆ ಹಾಕಿತು. ಉತ್ತರ ಅಲ್ಲೇ ಅರ್ಧ ಸಿಕ್ಕಿತ್ತು.

ಪಟ್ಟಿಗಳನ್ನು ಒಂದು ವಾರ ಬಿಟ್ಟೆವು. ನಾಲ್ಕೂ ಗಟ್ಟಿ. ಉಗುರು ಒತ್ತಿದರೆ ಯಾವುದರಲ್ಲೂ ಗುರುತಿಲ್ಲ. "ಎಲ್ಲ ಒಂದೇ ಉಂಟಲ್ಲ ಸರ್" ಎಂದ ಹುಡುಗ. ಈ ಮಾತನ್ನೇ ನಾನು ಕಾಯುತ್ತಿದ್ದೆ.

ಒಂದು ಕಾಲದಲ್ಲಿ ನಾನೂ ಹಾಗೇ ಅಂದುಕೊಂಡಿದ್ದೆ. ಬೆಂಗಳೂರಿನಲ್ಲಿದ್ದಾಗ, ಜುಲೈ ತಿಂಗಳ ಮಳೆಯಲ್ಲಿ, ಮಾನವರಹಿತ ಸಣ್ಣ ವಿಮಾನವೊಂದರ ರೆಕ್ಕೆಗೆ ಉಳಿಕೆ ಹಾರ್ಡನರ್ ಬಳಸಿದೆ. ಮರುದಿನ ತಟ್ಟಿದರೆ ಟಣ್ ಎನ್ನುವ ಸದ್ದು, ಭಾರ ಹೇರಿದರೂ ಜಗ್ಗಲಿಲ್ಲ. ಒಂಬತ್ತು ತಿಂಗಳು ಚೆನ್ನಾಗಿಯೇ ಹಾರಿತು. ಏಪ್ರಿಲ್‌ನ ಒಂದು ಮಧ್ಯಾಹ್ನ ಮೈದಾನದಲ್ಲಿ, ಬ್ಯಾಟರಿ ಬದಲಿಸಲೆಂದು ಬಿಸಿಲಲ್ಲಿ ಬಿಟ್ಟು ನೆರಳಿಗೆ ಹೋದೆ. ಮರಳಿ ಬಂದಾಗ ರೆಕ್ಕೆಯ ತುದಿ ಎರಡು ಬೆರಳಷ್ಟು ಕೆಳಗೆ ಬಾಗಿತ್ತು. ಕಡುನೀಲಿ ಬಣ್ಣ ಬಳಿದಿದ್ದೆ. ಮುಟ್ಟಿದರೆ ಕೈ ಸುಡುತ್ತಿತ್ತು. ಬೆರಳಿನಿಂದ ಎತ್ತಿದರೆ ಬೆಚ್ಚಗಿನ ಮೇಣದ ಹಾಗೆ ಮೇಲೆದ್ದಿತು. ಐದು ನಿಮಿಷ ಮೊದಲು ಬಂದಿದ್ದರೆ ಅದನ್ನು ಹಾರಿಸಿಬಿಡುತ್ತಿದ್ದೆ. ಅದರೊಳಗೆ ಮನುಷ್ಯ ಇರಲಿಲ್ಲ ಎಂಬುದೊಂದೇ ಸಮಾಧಾನ. ಆ ದಿನದ ಬಳಿಕ ನಾನು ತಂಪಿನಲ್ಲಿ ಗಟ್ಟಿ ಇದೆ ಎಂಬ ಸಾಕ್ಷಿಯನ್ನು ನಂಬಿಲ್ಲ.

ಪ್ರತಿ ಎಪಾಕ್ಸಿಗೂ ಒಂದು ತಾಪವಿದೆ. ಅದಕ್ಕಿಂತ ಕೆಳಗೆ ಅದು ಗಾಜು, ಮೇಲೆ ರಬ್ಬರು. ಗಾಜಿನ ಸ್ಥಿತಿ ಬದಲಾಗುವ ತಾಪ ಎನ್ನುತ್ತಾರೆ, ಕೆಲಸದವರ ಬಾಯಲ್ಲಿ ಟಿಜಿ. ಬಲೆ ಎಷ್ಟು ದಟ್ಟವೋ ಟಿಜಿ ಅಷ್ಟು ಎತ್ತರ. ಕೋಣೆಯ ತಾಪದಲ್ಲೇ ಗಟ್ಟಿಯಾದ ಎಪಾಕ್ಸಿಯ ಟಿಜಿ ಆ ಕೋಣೆಯ ತಾಪಕ್ಕಿಂತ ಬಹಳ ಮೇಲೇನೂ ಇರುವುದಿಲ್ಲ. ಬಲೆ ಬಿಗಿಯಾಗುತ್ತಿದ್ದಂತೆ ಅಣುಗಳು ಅಲುಗಾಡಲಾರದೆ ಅರ್ಧದಲ್ಲೇ ನಿಂತುಬಿಡುತ್ತವೆ. ಮತ್ತೆ ಬೆಚ್ಚಗೆ ಮಾಡಿದರೆ ಉಳಿದ ಕೈಗಳು ಉಳಿದ ತ್ರಿಕೋನಗಳನ್ನು ಹುಡುಕಿಕೊಳ್ಳುತ್ತವೆ. ಇದೇ ಪೋಸ್ಟ್‌ಕ್ಯೂರ್. ಪ್ಲೈವುಡ್ ಪೆಟ್ಟಿಗೆಗೆ ಒಳಗೆ ಥರ್ಮಾಕೋಲ್ ಹೊದಿಸಿ, ಹೀಟರ್ ಇಟ್ಟು, ಥರ್ಮಾಮೀಟರ್ ಸಿಕ್ಕಿಸಿ, ಕಂಪನಿ ಹೇಳಿದ ತಾಪಕ್ಕೆ ನಿಧಾನವಾಗಿ ಏರಿಸಿ ಹಲವು ಗಂಟೆ ಹಿಡಿಯುವುದು. ಒಳಗೆ ಫೋಮ್ ಇದ್ದರೆ ಅದು ತಡೆಯುವ ತಾಪವನ್ನು ಮೊದಲು ನೋಡಿಕೊಳ್ಳಬೇಕು. ಆದರೆ ಹಾರ್ಡನರ್‌ನ ಕೈಗಳೇ ಕಡಿಮೆ ಇದ್ದರೆ ಪೋಸ್ಟ್‌ಕ್ಯೂರ್ ಕೂಡ ಏನೂ ಮಾಡಲಾರದು, ಇಲ್ಲದ ನೂಲನ್ನು ಬಿಸಿ ನೇಯಲಾರದು. ಎಪಾಕ್ಸಿ ವಿಮಾನಗಳು ಬಹುತೇಕ ಬಿಳಿ ಬಣ್ಣದಲ್ಲೇ ಇರುವುದಕ್ಕೂ ಇದೇ ಕಾರಣ. ಕಡು ಬಣ್ಣ ಬಿಸಿಲಲ್ಲಿ ಮೈಯನ್ನು ಟಿಜಿಯ ಹೊಸ್ತಿಲಿಗೆ ಒಯ್ಯುತ್ತದೆ.

ಹಾಗಾಗಿ ನಮ್ಮ ಪಟ್ಟಿಗಳನ್ನು ಬಿಸಿನೀರಿಗೆ ಇಳಿಸಿದೆವು. ಹಲಗೆಯ ಅಂಚಿಗೆ ನಾಲ್ಕನ್ನೂ ಸಾಲಾಗಿ ಕ್ಲ್ಯಾಂಪ್ ಹಾಕಿ, ಚಾಚಿದ ತುದಿಗಳಿಗೆ ಒಂದೇ ತೂಕದ ನಟ್ಟುಗಳನ್ನು ನೇತುಹಾಕಿ, ಅಗಲದ ಪಾತ್ರೆಯಲ್ಲಿ ಮುಳುಗಿಸಿ, ನೀರನ್ನು ಸಣ್ಣ ಉರಿಯಲ್ಲಿ ಏರಿಸುತ್ತ ಹೋದೆವು. ಪಕ್ಕದಲ್ಲಿ ಸ್ಕೇಲು, ಥರ್ಮಾಮೀಟರು. 40 ದಾಟುವ ತನಕ ಯಾರೂ ಅಲುಗಲಿಲ್ಲ. ಮತ್ತೂ ಸ್ವಲ್ಪ ಏರಿದಾಗ ಹಳೆ ಹಾರ್ಡನರ್‌ನ ಎರಡೂ ಪಟ್ಟಿಗಳು ಹಣ್ಣು ತುಂಬಿದ ಕೊಂಬೆಯಂತೆ ನಿಧಾನಕ್ಕೆ ತಲೆ ಬಾಗಿಸಿದವು. ಉಳಿದೆರಡು ನೇರ ನಿಂತೇ ಇದ್ದವು. ಹುಡುಗರಿಬ್ಬರೂ ಮಾತಾಡಲಿಲ್ಲ. ಇದಕ್ಕೆ ಪ್ರಯೋಗಾಲಯದಲ್ಲಿ ಡಿಎಸ್‌ಸಿ ಎಂಬ ಯಂತ್ರವಿದೆ. ಅದು ಟಿಜಿಯನ್ನು ಸರಿಯಾಗಿ ಅಳೆದು ಕೊಡುತ್ತದೆ. ಕಾಲೇಜಿನಲ್ಲಿ ಅನುಕೂಲವಿದ್ದರೆ ಅದನ್ನೂ ಮಾಡಿಸಿ, ಬಾಗಿಸಿ ಮುರಿಯುವ ಪರೀಕ್ಷೆಯನ್ನೂ ಮಾಡಿಸಿ. ಕೈಯಲ್ಲಿ ಮುರಿದಾಗ ಮುರಿದ ಬಾಯಿಯನ್ನು ಭೂತಗನ್ನಡಿಯಲ್ಲಿ ನೋಡಿ. ಎಳೆಗಳ ಮೇಲೆ ರೆಸಿನ್ ಅಂಟಿಕೊಂಡೇ ಮುರಿದಿದ್ದರೆ ಒಳ್ಳೆಯದು. ಎಳೆಗಳು ಬಾಚಿದ ಕೂದಲಂತೆ ಸ್ವಚ್ಛವಾಗಿ ಹೊರಬಂದಿದ್ದರೆ ಹಿಡಿತವೇ ಇರಲಿಲ್ಲ ಎಂದರ್ಥ.

ಹಾಗಾದರೆ ಪರೀಕ್ಷೆಯಲ್ಲಿ ಪಾಸಾದ ಹಳೆ ರೆಸಿನನ್ನು ಎಲ್ಲಿ ಬಳಸಬಹುದು? ನನ್ನ ಅಭಿಪ್ರಾಯ ಖಡಾಖಂಡಿತ. ಮನುಷ್ಯ ಕೂರುವ ವಿಮಾನದ ರೆಕ್ಕೆ, ರೆಕ್ಕೆಯೊಳಗಿನ ತೊಲೆಯಾದ ಸ್ಪಾರ್, ರೆಕ್ಕೆ ಮೈಗೆ ಸೇರುವ ಜಾಗ, ಬಾಲ, ನಿಯಂತ್ರಣದ ಭಾಗಗಳು, ಇವುಗಳಿಗೆ ತಾರೀಕು ಮುಗಿದ ಡಬ್ಬಿ ಬೇಡವೇ ಬೇಡ. ಕಾರ್ಖಾನೆಗಳಲ್ಲಿ ಅವಧಿ ಮೀರಿದ ವಸ್ತುವನ್ನು ಮರುಪರೀಕ್ಷೆ ಮಾಡಿ, ಕಾಗದ ಪತ್ರ ಬರೆದು, ಅವಧಿ ವಿಸ್ತರಿಸುವ ಪದ್ಧತಿ ಇದೆ. ಅದಕ್ಕೆ ಬೇಕಾದ ಯಂತ್ರ, ಜನ, ಹೊಣೆ ಎಲ್ಲ ಅಲ್ಲಿವೆ, ಶೆಡ್ಡಿನಲ್ಲಿ ಇಲ್ಲ. ತಗಡಿನ ವಿಮಾನದಲ್ಲಿ ರಿವೆಟ್ ಸಡಿಲವಾದರೆ ಕಣ್ಣಿಗೆ ಕಾಣುತ್ತದೆ. ಎಪಾಕ್ಸಿ ಅರೆಬೆಂದದ್ದು ಬಣ್ಣದಡಿ ಕಾಣುವುದಿಲ್ಲ. ನಾಣ್ಯದಿಂದ ತಟ್ಟಿ ಕೇಳಿದರೆ ಪದರ ಬಿಟ್ಟ ಜಾಗ ಮಂಕು ಸದ್ದು ಕೊಡುತ್ತದೆ, ನಿಜ. ಆದರೆ ಪದರ ಬಿಡದೆ ಬರೀ ಬಲ ಕಡಿಮೆ ಇರುವ ಜಾಗ ಯಾವ ಸದ್ದನ್ನೂ ಕೊಡುವುದಿಲ್ಲ. ಕಟ್ಟುವುದಕ್ಕೆ ಸಾವಿರಾರು ಗಂಟೆ ಬೇಡುವ ವಿಮಾನದಲ್ಲಿ ಒಂದೂವರೆ ಕಿಲೋ ರೆಸಿನ್ ಉಳಿಸಿ ಏನು ಸಾಧಿಸಿದ ಹಾಗಾಯಿತು?

ಹಾಗೆಂದು ಚೆಲ್ಲಬೇಕಾಗಿಯೂ ಇಲ್ಲ. ಅಚ್ಚು, ಜಿಗ್ಗು, ಕೊಯ್ಯುವ ಟೆಂಪ್ಲೇಟು, ಕೆಲಸದ ಮೇಜಿನ ಮೇಲ್ಮೈ, ಹೊಸಬರಿಗೆ ಬಟ್ಟೆ ಹಾಸಿ ಕಲಿಯುವ ಪಟ್ಟಿ, ಇವಕ್ಕೆಲ್ಲ ಧಾರಾಳವಾಗಿ ಆಗುತ್ತದೆ. ಕಲಿಯುವುದಕ್ಕೆ ರೆಸಿನ್ ಬೇಕೇ ಬೇಕು. ಮೊದಲ ಹತ್ತು ಪಟ್ಟಿ ಯಾರದ್ದೂ ಚೆನ್ನಾಗಿ ಬರುವುದಿಲ್ಲ.

ಒಂದು ಎಚ್ಚರಿಕೆ ಮಾತ್ರ ಎಲ್ಲಕ್ಕಿಂತ ಮೊದಲು ಹೇಳಬೇಕಿತ್ತು. ಹಳೆಯದಾದ ಹಾರ್ಡನರ್ ಬಲ ಕಳೆದುಕೊಂಡರೂ ವಿಷ ಕಳೆದುಕೊಳ್ಳುವುದಿಲ್ಲ. ಅಮೈನ್ ಚರ್ಮಕ್ಕೆ ಒಮ್ಮೆ ಅಲರ್ಜಿ ಹತ್ತಿಸಿತೆಂದರೆ ಜೀವನಪೂರ್ತಿ ಬಿಡದು. ಆಮೇಲೆ ಎಪಾಕ್ಸಿ ಇರುವ ಕೋಣೆಗೆ ಹೋದರೂ ಮುಖ ಊದಿಕೊಳ್ಳುವವರನ್ನು ನೋಡಿದ್ದೇನೆ. ನೈಟ್ರೈಲ್ ಕೈಗವಸು ಹಾಕಿಕೊಳ್ಳಿ. ಕೈಗೆ ತಾಗಿದ್ದನ್ನು ಅಸಿಟೋನ್‌ನಲ್ಲಿ ಒರೆಸಬೇಡಿ, ಅದು ಇನ್ನೂ ಒಳಗೆ ಇಳಿಸುತ್ತದೆ. ಸೋಪು, ನೀರು ಸಾಕು. 1980ರ ದಶಕದಲ್ಲಿ ಮನೆಗೆ ಕಟ್ಟುವ ವಿಮಾನಗಳಿಗೆ ಬಹಳ ಬಳಕೆಯಲ್ಲಿದ್ದ ಸೇಫ್-ಟಿ-ಪಾಕ್ಸಿ ಎಂಬ ಎಪಾಕ್ಸಿಯಲ್ಲಿ ಎಂಡಿಎ ಎಂಬ ರಾಸಾಯನಿಕವಿತ್ತು. ಕ್ಯಾನ್ಸರಿನ ಶಂಕೆಯಿಂದ ಅದು ಹಿಂದೆ ಸರಿಯಿತು. ಅಷ್ಟು ಹಳೆಯ ಡಬ್ಬಿ ಎಲ್ಲಾದರೂ ಸಿಕ್ಕರೆ ಪರೀಕ್ಷೆಗೂ ತೆರೆಯಬೇಡಿ.

ಕೆಟ್ಟ ಹಾರ್ಡನರನ್ನು ತೋಟದ ಕಾಲುವೆಗೋ ಬಾವಿಯ ಬದಿಗೋ ಸುರಿಯಲೇಬಾರದು. ನಾವು ಆ ಬಾಟಲಿಯಲ್ಲಿ ಉಳಿದದ್ದನ್ನು ಚೂರು ಚೂರಾಗಿ, ತಟ್ಟೆಯಲ್ಲಿ ತೆಳ್ಳಗೆ ಹರಡಿ, ಹಳೆ ರೆಸಿನ್ ಬೆರೆಸಿ ಗಟ್ಟಿ ಮಾಡಿದೆವು. ಗಟ್ಟಿಯಾದದ್ದು ನಿರುಪದ್ರವಿ ಪ್ಲಾಸ್ಟಿಕ್ ಹಲಗೆ. ಡಬ್ಬಿಯ ಉಳಿದ ರೆಸಿನ್ ಹೊಸ ಹಾರ್ಡನರ್ ಜೊತೆ ಸೇರಿ ಅವರ ರೆಕ್ಕೆಯ ಅಚ್ಚಾಯಿತು.

ರೆಕ್ಕೆಗೆ ಅವರು ಹೊಸ ಡಬ್ಬಿ ತರಿಸಿದರು. ನವರಾತ್ರಿಯ ಹೊತ್ತಿಗೆ ಮಳೆ ಹಿಂದೆ ಸರಿದು ಬಿಸಿಲು ಬಿದ್ದ ಮೇಲೆ ಬಟ್ಟೆ ಹಾಸಿದರು. ನೋಡಲು ಕರೆದಾಗ ಹೋಗಿದ್ದೆ. ಮೇಜಿನ ಮೇಲೆ ಹೊಸ ಹಾರ್ಡನರ್ ಬಾಟಲಿ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬದೊಳಗೆ, ಸಿಲಿಕಾ ಜೆಲ್ ಚೀಲಗಳ ನಡುವೆ ಕೂತಿತ್ತು. ಮೈಮೇಲೆ ಮಾರ್ಕರ್‌ನಲ್ಲಿ ಬರೆದಿದ್ದರು: ತೆರೆದ ದಿನ, ತೆರೆದವರ ಹೆಸರು, ಪ್ರತಿ ಸಲ ತೂಗಿದ ಗ್ರಾಂ. ಪಕ್ಕದಲ್ಲಿ ಆ ದಿನದ ಮಿಶ್ರಣದಿಂದಲೇ ಮಾಡಿದ ಒಂದು ಸಣ್ಣ ಪಟ್ಟಿ, ರೆಕ್ಕೆಯ ಜೊತೆಗೇ ಆರಲು ಬಿಟ್ಟದ್ದು.

"ಇದನ್ನು ಆಮೇಲೆ ಬಿಸಿನೀರಿಗೆ ಹಾಕ್ಲಿಕ್ಕೆ ಸರ್" ಎಂದ.